ಕಮಿಲ್ಲೊ ಗಾಲ್ಜಿ: ಜೀವಕೋಶದ ಒಳಜಾಲವನ್ನು ಕಂಡ ಮಹನೀಯರು

೧೮೯೮ನೆಯ ಇಸವಿಯನ್ನು ಬೆಂಗಳೂರಿನ ಹಳೆಯ ಮನೆತನಗಳು ಪ್ಲೇಗಿನ ವರ್ಷವೆಂದೇ ನೆನೆಯುತ್ತ ಬಂದಿವೆ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಮಹಾಮಾರಿಯು ನಗರವನ್ನು ಹೊಕ್ಕಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿದ್ದ ಜನರು ಮನೆಗಳಿಗೆ ಬೀಗವಿಕ್ಕಿ ಬಯಲಿಗೆ ಹೊರಟರು. ಗಾಳಿ ಬೆಳಕುಗಳಿಗೆ ಎಡೆಯಿರುವಂತೆ ಅಗಲವಾದ ರಸ್ತೆಗಳನ್ನಿಟ್ಟು ರೂಪಿಸಿದ್ದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡದ್ದು ಆ ಸಂಕಟದ ಫಲವಾಗಿಯೇ. ಅದಕ್ಕೆ ನಾಲ್ಕು ತಿಂಗಳ ಮುನ್ನ, ಅದೇ ೧೮೯೮ರ ಏಪ್ರಿಲ್‌ನಲ್ಲಿ, ಇಟಲಿ ದೇಶದ ಪಾವಿಯಾ ನಗರದ ವೈದ್ಯರ ಸಭೆಯೊಂದರಲ್ಲಿ ಐವತ್ತೈದರ ಸಮೀಪಕ್ಕೆ ಬಂದಿದ್ದ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ಗೂಬೆಯ ಮಿದುಳಿನ ಕೋಶಗಳೊಳಗೆ ತಾವು ಒಂದು ಸೂಕ್ಷ್ಮವಾದ ಬಲೆಯನ್ನು ಕಂಡುದಾಗಿ ವರದಿ ಮಾಡಿದರು. ಸಭೆಯಲ್ಲಿದ್ದವರಾರಿಗೂ ಅದರ ಮಹತ್ತ್ವ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ವರದಿ ಮಾಡಿದವರಿಗೂ ಪೂರ್ತಿ ತಿಳಿದಿರಲಿಲ್ಲ. ಆ ಪ್ರಾಧ್ಯಾಪಕರೇ ಕಮಿಲ್ಲೊ ಗಾಲ್ಜಿ. ಇಂದು ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಜೀವಕೋಶದ ಚಿತ್ರ ಬರೆದು ಗುರುತಿಸುವ ಗಾಲ್ಜಿ ಸಂಕೀರ್ಣವು ಅವರ ಹೆಸರನ್ನೇ ಹೊತ್ತಿದೆ. ಆದರೆ ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದು ಪಾಠಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಗಾಲ್ಜಿಯವರು ೧೮೪೩ರ ಜುಲೈ ೭ರಂದು ಲೊಂಬಾರ್ಡಿ ಪ್ರಾಂತದ ಕೊರ್ತೆನೊ ಎಂಬ ಬೆಟ್ಟದ ಹಳ್ಳಿಯಲ್ಲಿ ಜನಿಸಿದರು. ಆಗ ಆ ಪ್ರಾಂತವು ಆಸ್ಟ್ರಿಯಾ ಚಕ್ರವರ್ತಿಗಳ ಆಳ್ವಿಕೆಗೆ ಒಳಪಟ್ಟಿತ್ತು. ತಂದೆ ಅಲೆಸ್ಸಾಂದ್ರೊ ಅವರು ಪಾವಿಯಾದಿಂದ ಬಂದು ಆ ಸೀಮೆಯ ವೈದ್ಯಾಧಿಕಾರಿಗಳಾಗಿ ನೆಲೆಸಿದ್ದವರು. ಬಡತನವಿರಲಿಲ್ಲ, ಸಿರಿಯೂ ಇರಲಿಲ್ಲ. ಲೊಂಬಾರ್ಡಿಯು ನಮ್ಮ ಮೈಸೂರು ಸೀಮೆಯಂತೆ ರೇಷ್ಮೆಯ ನಾಡು. ಹಿಪ್ಪುನೇರಳೆ ಗಿಡಗಳೂ ಹುಳು ಸಾಕುವ ರೈತರ ಮನೆಗಳೂ ಅಲ್ಲಿಯ ಬಯಲಿನ ತುಂಬ ಇದ್ದವು. ಗಾಲ್ಜಿಯವರ ಬಾಲ್ಯಕಾಲದಲ್ಲೇ ಗಂಟುರೋಗವು ಬಂದು ಆ ಹುಳುಗಳನ್ನು ನಾಶಮಾಡಿ ಸಾವಿರಾರು ಸಂಸಾರಗಳ ಅನ್ನವನ್ನು ಕಿತ್ತುಕೊಂಡಿತು. ಈ ರೇಷ್ಮೆಯ ಮಾತು ಮುಂದೆ ಮತ್ತೆ ಬರಲಿದೆ.

ತಂದೆಯ ದಾರಿಯನ್ನೇ ಹಿಡಿದ ಕಮಿಲ್ಲೊ ಪಾವಿಯಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ೧೮೬೫ರಲ್ಲಿ ಪದವೀಧರರಾದರು; ಅಲ್ಲಿಯ ಸಂತ ಮತ್ತೇಯೊ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಮೊದಲು ಅವರನ್ನು ಸೆಳೆದವರು ಮನೋರೋಗಗಳ ವಿಚಾರದಲ್ಲಿ ಹೆಸರಾಗಿದ್ದ ಚೆಸಾರೆ ಲೊಂಬ್ರೋಸೊ. ಆದರೆ ಅಳತೆ ತೂಕಗಳಿಂದ ದೊಡ್ಡ ಸಿದ್ಧಾಂತಗಳನ್ನು ಕಟ್ಟುವ ಆ ಗುರುವಿನ ಮಾರ್ಗ ಶಿಷ್ಯನಿಗೆ ಬಹುಕಾಲ ರುಚಿಸಲಿಲ್ಲ. ಅವರಿಗೆ ಸರಿಯಾದ ದಾರಿಯನ್ನು ತೋರಿದವರು ವಯಸ್ಸಿನಲ್ಲಿ ಅವರಿಗಿಂತ ಮೂರು ವರ್ಷ ಕಿರಿಯರಾದ ಜೂಲಿಯೊ ಬಿಜ್ಜೊಜೆರೊ. ರಕ್ತ ಹೆಪ್ಪುಗಟ್ಟುವುದರಲ್ಲಿ ಕಿರುಬಿಲ್ಲೆಗಳ ಪಾತ್ರವನ್ನು ಮುಂದೆ ತೋರಿಸಿಕೊಟ್ಟ ಈ ತರುಣನಿಂದ ಗಾಲ್ಜಿ ಸೂಕ್ಷ್ಮದರ್ಶಕದ ವಿದ್ಯೆಯನ್ನು ಕಲಿತರು. ತನಗಿಂತ ಕಿರಿಯನನ್ನು ಗುರುವಾಗಿ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಅನುಭಾವದ ಹಿರಿತನ ವಯಸ್ಸಿನದಲ್ಲವೆಂದು ಅನುಭವಮಂಟಪದ ಕಾಲದಿಂದ ಕೇಳುತ್ತ ಬಂದಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಜ್ಜೊಜೆರೊ ಅವರ ಸೋದರ ಸೊಸೆಯಾದ ಲೀನಾ ಅಲೆತ್ತಿ ಮುಂದೆ ಗಾಲ್ಜಿಯವರ ಪತ್ನಿಯಾದರು.

೧೮೭೨ರಲ್ಲಿ ಗಾಲ್ಜಿಯವರ ಬಾಳಿನಲ್ಲಿ ಒಂದು ಇಕ್ಕಟ್ಟು ಒದಗಿತು. ಸಂಶೋಧನೆಯಲ್ಲಿ ಮನಸ್ಸು ನೆಟ್ಟಿದ್ದ ಮಗನಿಗೆ ನಿಶ್ಚಿತವಾದ ಸಂಬಳ ದೊರೆಯದಿದ್ದುದು ತಂದೆಗೆ ಚಿಂತೆಯಾಗಿತ್ತು. ಅವರ ಒತ್ತಾಯಕ್ಕೆ ಮಣಿದು ಗಾಲ್ಜಿಯವರು ಮಿಲಾನ್ ನಗರದ ಸಮೀಪದ ಅಬ್ಬಿಯಾತೆಗ್ರಾಸ್ಸೊ ಎಂಬ ಊರಿನಲ್ಲಿ ವಾಸಿಯಾಗದ ರೋಗಿಗಳಿಗಾಗಿಯೇ ಇದ್ದ ಧರ್ಮಾಸ್ಪತ್ರೆಯ ಮುಖ್ಯ ವೈದ್ಯರ ಹುದ್ದೆಯನ್ನು ಒಪ್ಪಿಕೊಂಡರು. ಮುದುಕರು, ಅಂಗವಿಕಲರು, ದೀರ್ಘರೋಗಿಗಳು ಸಾವನ್ನು ಕಾಯುವ ಸ್ಥಳ ಅದು. ಅಲ್ಲಿ ಪ್ರಯೋಗಶಾಲೆಯಿಲ್ಲ, ವಿದ್ಯಾರ್ಥಿಗಳಿಲ್ಲ, ಮಾತನಾಡಲು ಸಹೋದ್ಯೋಗಿಗಳಿಲ್ಲ. ಸಾಮಾನ್ಯನಾದವನಿಗೆ ಇಷ್ಟಕ್ಕೆ ವಿಜ್ಞಾನದ ಬಾಗಿಲು ಮುಚ್ಚಿಹೋಗುತ್ತಿತ್ತು. ಗಾಲ್ಜಿಯವರು ತಮಗೆ ಕೊಟ್ಟಿದ್ದ ವಸತಿಯ ಅಡುಗೆಮನೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡರು. ಹಗಲಿಡೀ ರೋಗಿಗಳ ಸೇವೆ. ರಾತ್ರಿ ದೀಪದ ಬೆಳಕಿನಲ್ಲಿ ಸೂಕ್ಷ್ಮದರ್ಶಕ. ಕಾಯಕಕ್ಕೆ ಸ್ಥಳದ ಮೇಲು ಕೀಳೆಂಬುದಿಲ್ಲ ಎಂಬುದನ್ನು ಶರಣರ ಹೆಸರನ್ನೇ ಕೇಳದ ಆ ದೂರದೇಶದ ವೈದ್ಯರು ಆಚರಿಸಿದರು.

ಆ ಅಡುಗೆಮನೆಯಲ್ಲಿ ನಡೆದುದೇನೆಂಬುದನ್ನು ತಿಳಿಯಬೇಕಾದರೆ ಆಗಿನ ತೊಡಕು ಏನಿತ್ತೆಂದು ಅರಿಯಬೇಕು. ಮಿದುಳಿನ ತೆಳುವಾದ ಚೂರನ್ನು ಕನ್ನಡಿಯ ಬಿಲ್ಲೆಯ ಮೇಲಿಟ್ಟು ನೋಡಿದರೆ ಅದು ಹೆಚ್ಚು ಕಡಮೆ ಪಾರದರ್ಶಕ, ಏನೂ ಕಾಣದು. ಬಣ್ಣ ಹಾಕಿದರೆ ಎಲ್ಲ ಕೋಶಗಳೂ ಒಟ್ಟಿಗೆ ಬಣ್ಣ ಹೀರುತ್ತವೆ. ಒಂದರ ಕವಲು ಇನ್ನೊಂದರ ಕವಲಿನಲ್ಲಿ ಹೆಣೆದುಕೊಂಡು ದಟ್ಟವಾದ ಪೊದೆಯಾಗಿರುವುದರಿಂದ ಯಾವ ಎಳೆ ಯಾವ ಕೋಶದ್ದೆಂದು ಬಿಡಿಸುವುದು ಅಸಾಧ್ಯ. ಗಾಲ್ಜಿಯವರು ಮಿದುಳಿನ ತುಂಡುಗಳನ್ನು ಪೊಟ್ಯಾಸಿಯಂ ಡೈಕ್ರೋಮೇಟಿನ ದ್ರಾವಣದಲ್ಲಿ ದಿನಗಟ್ಟಲೆ ನೆನೆಸಿ ಗಟ್ಟಿಮಾಡಿ, ಬಳಿಕ ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿದರು. ನೂರು ಕೋಶಗಳಲ್ಲಿ ಒಂದೋ ಎರಡೋ, ಹೆಚ್ಚೆಂದರೆ ಐದು, ಅಡಿಯಿಂದ ಮುಡಿಯವರೆಗೆ ಕಡುಗಪ್ಪಾದವು. ಉಳಿದವು ಹಳದಿಯ ಹಿನ್ನೆಲೆಯಲ್ಲಿ ಮರೆಯಾದವು. ಬಯಲಿನಲ್ಲಿ ಒಂಟಿಯಾಗಿ ನಿಂತ ಮರದಂತೆ, ಕಾಂಡ ಕೊಂಬೆ ರೆಂಬೆಗಳ ಸಮೇತ, ನರಕೋಶವೊಂದು ಪೂರ್ಣವಾಗಿ ಮನುಷ್ಯನ ಕಣ್ಣಿಗೆ ಬಿದ್ದದ್ದು ಆಗಲೇ. ಕೆಲವೇ ಕೋಶಗಳು ಹೀಗೆ ಕಪ್ಪಾಗುವುದೇಕೆಂಬುದು ಇಂದಿಗೂ ಸಂಪೂರ್ಣವಾಗಿ ಬಿಡಿಸದ ಒಗಟು. ಆದರೆ ಆ ಕೊರತೆಯೇ ವಿಧಾನದ ಬಲ. ಎಲ್ಲವನ್ನೂ ತೋರಿಸಿದ್ದರೆ ಅದು ಏನನ್ನೂ ತೋರಿಸುತ್ತಿರಲಿಲ್ಲ. ೧೮೭೩ರಲ್ಲಿ ವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಚಿಕ್ಕ ಲೇಖನದಿಂದ ಜಗತ್ತಿಗೆ ತಿಳಿದ ಈ ವಿಧಾನಕ್ಕೆ ಕಪ್ಪು ಪ್ರತಿಕ್ರಿಯೆ ಎಂದು ಹೆಸರಾಯಿತು. ಜಗತ್ತು ಕಿವಿಗೊಡಲು ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು ಎಂಬುದು ಬೇರೆ ಮಾತು.

ಪಾವಿಯಾಕ್ಕೆ ಹಿಂದಿರುಗಿದ ಮೇಲೆ ಪ್ರಾಧ್ಯಾಪಕತ್ವ, ನಡುವೆ ಸಿಯೆನಾ ನಗರದಲ್ಲಿ ಅಲ್ಪಕಾಲ, ಮತ್ತೆ ಪಾವಿಯಾ, ಎರಡು ಸಲ ಅಲ್ಲಿಯ ವಿಶ್ವವಿದ್ಯಾನಿಲಯದ ಮುಖ್ಯಸ್ಥರ ಪದವಿ, ೧೯೦೦ರಲ್ಲಿ ರಾಷ್ಟ್ರದ ಸೆನೆಟಿನ ಸದಸ್ಯತ್ವ ಎಲ್ಲವೂ ಸಾಲಾಗಿ ಬಂದವು. ಸ್ನಾಯುಗಳ ಸೆಳೆತವನ್ನು ಅರಿಯುವ ನರತುದಿಗಳನ್ನು ಅವರು ಸ್ನಾಯುರಜ್ಜುಗಳಲ್ಲಿ ಗುರುತಿಸಿದರು. ಮಕ್ಕಳಿಲ್ಲದ ಆ ದಂಪತಿಗಳಿಗೆ ಪ್ರಯೋಗಶಾಲೆಯ ಶಿಷ್ಯರೇ ಮಕ್ಕಳಾಗಿದ್ದರೆಂದರೆ ತಪ್ಪಾಗದು. ಹುಚ್ಚುನಾಯಿ ರೋಗವನ್ನು ಗುರುತಿಸುವ ಕಣಗಳನ್ನು ೧೯೦೩ರಲ್ಲಿ ಕಂಡುಹಿಡಿದ ಅದೆಲ್ಕಿ ನೆಗ್ರಿ ಅವರಲ್ಲೊಬ್ಬರು.

ಮಲೇರಿಯಾದ ವಿಷಯದಲ್ಲಿ ಗಾಲ್ಜಿಯವರು ಮಾಡಿದ ಕೆಲಸವನ್ನು ಮಾತ್ರ ಹೀಗೆ ಒಂದು ಮಾತಿನಲ್ಲಿ ದಾಟಿಹೋಗಲಾಗದು. ದಿನ ಬಿಟ್ಟು ದಿನ ಬರುವ ಚಳಿಜ್ವರವನ್ನು ತೃತೀಯಕವೆಂದೂ ಎರಡು ದಿನ ಬಿಟ್ಟು ಬರುವುದನ್ನು ಚತುರ್ಥಕವೆಂದೂ ನಮ್ಮ ಆಯುರ್ವೇದ ಪಂಡಿತರು ಬಹು ಹಿಂದೆಯೇ ವಿಂಗಡಿಸಿದ್ದರು. ಆ ಲೆಕ್ಕವೇಕೆ ತಪ್ಪುವುದಿಲ್ಲವೆಂಬುದನ್ನು ೧೮೮೫ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಗಾಲ್ಜಿಯವರು ರೋಗಿಗಳ ರಕ್ತವನ್ನು ಗಂಟೆಗಂಟೆಗೂ ಪರೀಕ್ಷಿಸಿ ತೋರಿಸಿದರು. ಮಲೇರಿಯಾದ ಪರೋಪಜೀವಿಯು ಕೆಂಪು ರಕ್ತಕಣದೊಳಗೆ ಬೆಳೆದು ಹೋಳಾಗಿ ಕಣವನ್ನು ಒಡೆದು ಹೊರಬರಲು ಒಂದು ಜಾತಿಗೆ ೪೮ ಗಂಟೆ, ಇನ್ನೊಂದಕ್ಕೆ ೭೨ ಗಂಟೆ ಬೇಕು. ಕಣಗಳೆಲ್ಲ ಒಟ್ಟಿಗೆ ಒಡೆಯುವ ಹೊತ್ತೇ ಚಳಿ ನಡುಕಗಳ ಹೊತ್ತು. ಈ ಪರೋಪಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಅವರು ೧೮೮೩ರಷ್ಟು ಹಿಂದೆ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದು, ತಮ್ಮ ಮನೆಯ ಬಳಿಯ ನೀರಿನ ಪಾತ್ರೆಯನ್ನು ಬರಿದು ಮಾಡಿಸಿದೊಡನೆ ಸೊಳ್ಳೆಗಳ ಕಾಟ ತಗ್ಗಿದುದನ್ನು ಗಮನಿಸಿದ್ದರೆಂಬುದು ಬೆಂಗಳೂರಿಗರು ನೆನಪಿಡತಕ್ಕ ಸಂಗತಿ.

ಇನ್ನು ೧೮೯೮ರ ಶೋಧಕ್ಕೆ ಬರೋಣ. ತಮ್ಮ ಬೆಳ್ಳಿಯ ವಿಧಾನವನ್ನು ಇಪ್ಪತ್ತೈದು ವರ್ಷಗಳಿಂದ ತಿದ್ದುತ್ತ ಬಂದಿದ್ದ ಗಾಲ್ಜಿಯವರು ಕಣಜಗೂಬೆಯ ಕಿರುಮಿದುಳಿನಲ್ಲಿರುವ ದೊಡ್ಡ ನರಕೋಶಗಳನ್ನು ನೋಡುತ್ತಿದ್ದಾಗ ಕೋಶದ ಹೊರರೂಪವಲ್ಲ, ಒಳಗಿನದೊಂದು ರಚನೆ ಕಪ್ಪಾಗಿ ಎದ್ದು ಕಂಡಿತು. ಕೋಶಕೇಂದ್ರದ ಸುತ್ತ ಹಬ್ಬಿದ, ತಂತುಗಳೂ ಬಿಲ್ಲೆಗಳೂ ಕೂಡಿ ಹೆಣೆದಂತಿದ್ದ ಬಲೆ. ಅದು ಕೋಶದ ಅಂಚನ್ನು ಮುಟ್ಟುತ್ತಿರಲಿಲ್ಲ. ಅವರು ಅದಕ್ಕೆ ಒಳಗಿನ ಜಾಲರೂಪಿ ಉಪಕರಣವೆಂದು ಹೆಸರಿಟ್ಟರೇ ಹೊರತು ಅದರ ಕೆಲಸವೇನೆಂದು ಊಹೆಗೆ ತೊಡಗಲಿಲ್ಲ. ನೆಗ್ರಿ ಮೊದಲಾದ ಶಿಷ್ಯರು ಗ್ರಂಥಿಗಳ ಕೋಶಗಳಲ್ಲಿಯೂ ಅದನ್ನು ಕಂಡಾಗ ಅದು ನರಗಳಿಗಷ್ಟೇ ಸೇರಿದ್ದಲ್ಲವೆಂದು ತಿಳಿಯಿತು.

ಈ ಸಂಯಮವನ್ನು ಅವರು ಬೇರೊಂದು ವಿಷಯದಲ್ಲಿ ತೋರಲಿಲ್ಲವೆಂಬುದನ್ನು ಮುಚ್ಚಿಡಬಾರದು. ನರಮಂಡಲವೆಲ್ಲ ಎಡೆಬಿಡದೆ ಒಂದರೊಡನೊಂದು ಕೂಡಿಕೊಂಡ ಒಂದೇ ಬಲೆಯೆಂದು ಗಾಲ್ಜಿಯವರು ನಂಬಿದ್ದರು. ಸ್ಪೇನ್ ದೇಶದ ಸಂತಿಯಾಗೊ ರಮೋನ್ ಇ ಕಹಾಲ್ ಎಂಬ ತರುಣ ವೈದ್ಯರು ೧೮೮೭ರಲ್ಲಿ ಗಾಲ್ಜಿ ವಿಧಾನದ ಬಿಲ್ಲೆಗಳನ್ನು ಮೊದಲ ಸಲ ನೋಡಿ ಬೆರಗಾಗಿ, ಅದೇ ವಿಧಾನವನ್ನು ಸುಧಾರಿಸಿ, ಹಕ್ಕಿಗಳ ಮತ್ತು ಎಳೆಯ ಪ್ರಾಣಿಗಳ ಮಿದುಳುಗಳಲ್ಲಿ ಬಳಸಿ, ಗಾಲ್ಜಿಯವರ ನಂಬಿಕೆಗೆ ನೇರ ವಿರುದ್ಧವಾದ ತೀರ್ಮಾನಕ್ಕೆ ಬಂದರು. ನರಕೋಶಗಳು ಬಿಡಿಬಿಡಿ, ಒಂದರ ತುದಿ ಇನ್ನೊಂದನ್ನು ಸಮೀಪಿಸುತ್ತದೆಯಷ್ಟೆ, ಬೆಸೆಯುವುದಿಲ್ಲ. ೧೯೦೬ರಲ್ಲಿ ನೊಬೆಲ್ ಪಾರಿತೋಷಕವು ಇಬ್ಬರಿಗೂ ಕೂಡಿಯೇ ಸಂದಿತು. ಡಿಸೆಂಬರ್ ೧೧ರಂದು ಸ್ಟಾಕ್‌ಹೋಮಿನಲ್ಲಿ ಉಪನ್ಯಾಸ ಮಾಡಿದ ಗಾಲ್ಜಿಯವರು, ಬಹುಮಂದಿ ವಿದ್ವಾಂಸರು ಆಗಲೇ ಒಪ್ಪಿದ್ದ ಆ ಸಿದ್ಧಾಂತವನ್ನು, ಪಾರಿತೋಷಕದಲ್ಲಿ ಪಾಲುಗಾರರಾಗಿ ಎದುರಿಗೇ ಕುಳಿತಿದ್ದವರ ಸಿದ್ಧಾಂತವನ್ನು, ಉದ್ದಕ್ಕೂ ಖಂಡಿಸಿದರು. ಮರುದಿನ ಕಹಾಲರು ತಮ್ಮ ಪಕ್ಷವನ್ನು ಮಂಡಿಸಿದರು. ಸಂಭ್ರಮದ ಸಭೆಯಲ್ಲಿ ಇದು ಹಲವರಿಗೆ ನೋವನ್ನುಂಟುಮಾಡಿತು. ಮಿದುಳು ಒಂದಾಗಿ ಕೆಲಸ ಮಾಡುವುದನ್ನು ಬಿಡಿ ಕೋಶಗಳಿಂದ ವಿವರಿಸಲಾಗದೆಂಬುದು ಗಾಲ್ಜಿಯವರ ಅಳುಕಾಗಿತ್ತು. ಅದು ಹುರುಳಿಲ್ಲದ ಅಳುಕಲ್ಲ. ಆದರೂ ತಾನೇ ಕೊಟ್ಟ ಕಣ್ಣಿನಿಂದ ಇನ್ನೊಬ್ಬರು ಕಂಡುದನ್ನು ನಿರಾಕರಿಸುತ್ತ ಇಪ್ಪತ್ತು ವರ್ಷ ಕಳೆದುದು ಆ ಮೇಧಾವಿಯ ಬಾಳಿನ ದೊಡ್ಡ ಕೊರತೆಯೇ ಸರಿ.

ಮೊದಲನೆಯ ಮಹಾಯುದ್ಧದಲ್ಲಿ ಎಪ್ಪತ್ತು ದಾಟಿದ್ದ ಗಾಲ್ಜಿಯವರು ಪಾವಿಯಾದ ಸೈನಿಕ ಆಸ್ಪತ್ರೆಯೊಂದರ ಹೊಣೆ ಹೊತ್ತು, ನರಗಳಿಗೆ ಗಾಯವಾದ ಯೋಧರು ಕೈಕಾಲುಗಳ ಬಳಕೆಯನ್ನು ಮರಳಿ ಕಲಿಯುವ ಏರ್ಪಾಟು ಮಾಡಿದರು. ೧೯೧೮ರಲ್ಲಿ ನಿವೃತ್ತರಾಗಿ ೧೯೨೬ರ ಜನವರಿ ೨೧ರಂದು ಪಾವಿಯಾದಲ್ಲಿಯೇ ಕಾಲವಾದರು.

ಅವರು ಕಂಡ ಒಳಜಾಲದ ಬಾಳು ಅವರಿಗಿಂತ ಕಷ್ಟದ್ದಾಯಿತು. ಅದು ಕೋಶದಲ್ಲಿ ನಿಜವಾಗಿ ಇಲ್ಲವೇ ಇಲ್ಲ, ಬೆಳ್ಳಿ ಮತ್ತು ಆಸ್ಮಿಯಂ ದ್ರಾವಣಗಳು ಉಂಟುಮಾಡಿದ ಕಲೆಯಷ್ಟೆ ಎಂದು ವಾದಿಸುವವರು ಹೆಚ್ಚಿದರು. ೧೯೪೯ರಲ್ಲಿ ಜಾರ್ಜ್ ಪಲಾಡೆ ಮತ್ತು ಆಲ್ಬರ್ಟ್ ಕ್ಲಾಡ್ ಎಂಬ ಗಣ್ಯ ವಿಜ್ಞಾನಿಗಳೂ ಆ ಪಕ್ಷವನ್ನೇ ಹಿಡಿದರು. ೧೯೫೪ರಲ್ಲಿ ಡಾಲ್ಟನ್ ಮತ್ತು ಫೀಲಿಕ್ಸ್ ಎಂಬವರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಸ್ಪಷ್ಟವಾಗಿ ಕಂಡಾಗ ವಿವಾದ ಮುಗಿಯಿತು: ತೆಳುಪೊರೆಯ ಚಪ್ಪಟೆ ಚೀಲಗಳು ಒಂದರ ಮೇಲೊಂದು ಒಟ್ಟಿಕೊಂಡಿದ್ದವು, ಸುತ್ತ ಕಿರುಗುಳ್ಳೆಗಳಿದ್ದವು. ಸುಮಾರು ಅದೇ ವರ್ಷಗಳಲ್ಲಿ ಅದೇ ಉಪಕರಣವು ನರಕೋಶಗಳ ನಡುವಿನ ಕಿರಿದಾದ ತೆರಪನ್ನೂ ತೋರಿಸಿತು. ಗಾಲ್ಜಿಯವರು ಜೀವಮಾನವಿಡೀ ಹೋರಾಡಿದ ಬಲೆ ಸುಳ್ಳಾಯಿತು. ಹೆಚ್ಚು ಮಾತನಾಡದೆ ಬಿಟ್ಟುಹೋದ ಬಲೆ ನಿಜವಾಯಿತು.

ಅದರ ಕೆಲಸವನ್ನು ಬಯಲಿಗೆ ತಂದವರಲ್ಲಿ ಅದನ್ನು ಶಂಕಿಸಿದ್ದ ಪಲಾಡೆಯವರೇ ಮುಖ್ಯರು. ೧೯೬೦ರ ದಶಕದಲ್ಲಿ ಅವರೂ ಸಂಗಡಿಗರೂ ಗಿನಿಯಿಲಿಯ ಮೇದೋಜೀರಕ ಗ್ರಂಥಿಯ ಚೂರುಗಳಿಗೆ ವಿಕಿರಣ ಸೂಸುವ ಅಮೈನೊ ಆಮ್ಲವನ್ನು ಕೆಲವೇ ನಿಮಿಷ ಉಣಿಸಿ, ಅದರಿಂದಾದ ಹೊಸ ಪ್ರೋಟೀನು ಎಲ್ಲೆಲ್ಲಿ ಹೋಗುವುದೆಂದು ಬೆನ್ನಟ್ಟಿದರು. ಮೊದಲು ಅದು ಕಾಣಿಸಿಕೊಂಡದ್ದು ಪ್ರೋಟೀನನ್ನು ಕಟ್ಟುವ ರೈಬೋಸೋಮುಗಳು ಅಂಟಿಕೊಂಡಿರುವ ಪೊರೆಗಳ ಜಾಲದಲ್ಲಿ. ಕೆಲವು ನಿಮಿಷಗಳ ಬಳಿಕ ಗಾಲ್ಜಿಯ ಪ್ರದೇಶದಲ್ಲಿ. ಗಂಟೆ ಎರಡು ಗಂಟೆಗಳಲ್ಲಿ ಹೊರಹೋಗಲು ಸಿದ್ಧವಾದ ಕಣಗಳಲ್ಲಿ. ೧೯೭೪ರಲ್ಲಿ ಪಲಾಡೆ, ಕ್ಲಾಡ್ ಮತ್ತು ದ ದೂವ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಹಿಂದಿನ ಕಾಲದಲ್ಲಿ ಊರೂರಿಂದ ಪೇಟೆಗೆ ಬರುವ ಸರಕು ಸುಂಕದ ಕಟ್ಟೆಯಲ್ಲಿ ನಿಲ್ಲುತ್ತಿತ್ತು. ತೂಗಿ, ನೋಡಿ, ಗುರುತು ಹಾಕಿದ ಮೇಲೆಯೇ ಮುಂದಕ್ಕೆ ಬಿಡುತ್ತಿದ್ದರು. ಗಾಲ್ಜಿ ಸಂಕೀರ್ಣವು ಕೋಶದೊಳಗಿನ ಅಂಥ ಕಟ್ಟೆ. ಪೊರೆಗಳ ಜಾಲದಲ್ಲಿ ಕಟ್ಟಿ ಮಡಿಸಿದ ಪ್ರೋಟೀನು ಕಿರುಗುಳ್ಳೆಗಳಲ್ಲಿ ಹೊರಟು ಚೀಲಗಳ ರಾಶಿಯ ಒಂದು ಮುಖವನ್ನು ಸೇರುತ್ತದೆ. ರಾಶಿಯನ್ನು ದಾಟುವಾಗ ಅದಕ್ಕೆ ಅಂಟಿದ್ದ ಸಕ್ಕರೆಯ ಕೊಂಡಿಗಳಲ್ಲಿ ಕೆಲವು ಕತ್ತರಿಸಿಹೋಗುತ್ತವೆ, ಹೊಸವು ಸೇರುತ್ತವೆ. ಕೋಶದ ಜೀರ್ಣಚೀಲಗಳಿಗೆ ಹೋಗಬೇಕಾದ ಪ್ರೋಟೀನಿಗೆ ರಂಜಕ ಕೂಡಿದ ಮ್ಯಾನೋಸ್ ಸಕ್ಕರೆಯ ಗುರುತು ಬೀಳುತ್ತದೆ. ಆ ಗುರುತು ಹಾಕುವ ಕಿಣ್ವವೊಂದು ಹುಟ್ಟಿನಿಂದಲೇ ಇಲ್ಲದ ಕೂಸುಗಳಲ್ಲಿ ಜೀರ್ಣಕಿಣ್ವಗಳು ದಾರಿತಪ್ಪಿ ಕೋಶದ ಹೊರಕ್ಕೆ ಹೋಗುತ್ತವೆ. ಕೋಶಗಳಲ್ಲಿ ಕಸ ಒಟ್ಟಿಕೊಳ್ಳುತ್ತದೆ. ಮಗು ಬಹುಕಾಲ ಬಾಳುವುದಿಲ್ಲ. ಕಿರುಗುಳ್ಳೆಗಳು ಸರಿಯಾದ ಪೊರೆಯನ್ನೇ ಗುರುತಿಸಿ ಕೂಡುವ ಬಗೆಯನ್ನು ತಿಳಿಸಿದ್ದಕ್ಕಾಗಿ ೨೦೧೩ರಲ್ಲಿ ರಾತ್‌ಮನ್, ಶೆಕ್‌ಮನ್ ಮತ್ತು ಸುಡಾಫ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಸರಕು ಗುಳ್ಳೆಗಳಲ್ಲಿ ಚೀಲದಿಂದ ಚೀಲಕ್ಕೆ ದಾಟುವುದೇ, ಅಥವಾ ಚೀಲವೇ ಸರಕಿನೊಡನೆ ಮಾಗುತ್ತ ಮುನ್ನಡೆಯುವುದೇ ಎಂಬ ಚರ್ಚೆಯೂ ಬಹುಕಾಲ ನಡೆಯಿತು. ೨೦೦೬ರಲ್ಲಿ ಎರಡು ತಂಡಗಳು ಜೀವಂತ ಯೀಸ್ಟ್ ಕೋಶಗಳಲ್ಲಿ ಚೀಲಗಳು ಮಾಗುವುದನ್ನು ಕಣ್ಣಾರೆ ಕಂಡವು. ಆದರೂ ಚರ್ಚೆ ಪೂರ್ತಿ ನಿಂತಿಲ್ಲ.

ಇದೆಲ್ಲ ದೂರದ ಮಾತೆನಿಸುವವರು ಬಸವನಗುಡಿಯ ಮಗ್ಗುಲಲ್ಲಿರುವ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಷೆಡ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಅಲ್ಲಿ ರೇಷ್ಮೆಯ ತೋಟವನ್ನು ನಡೆಸಿದರು. ೧೯೧೦ರಲ್ಲಿ ಅದು ಸಾಲ್ವೇಶನ್ ಆರ್ಮಿಯ ಕೈಸೇರಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಗಾಲ್ಜಿಯವರ ಇಟಲಿಯಿಂದಲೇ ವಾಷಿಂಗ್ಟನ್ ಮಾರಿ ಎಂಬ ತಜ್ಞರು ಮೈಸೂರಿನ ರೇಷ್ಮೆಯ ಏಳಿಗೆಗಾಗಿ ಬಂದರು. ನಾಲ್ಕನೆಯ ಜ್ವರ ಕಳೆದು, ಸೊಪ್ಪು ತಿಂದು ಹಣ್ಣಾಗಿ ಚಂದ್ರಿಕೆಗೆ ಏರುವ ಹುಳುವಿನ ಒಡಲಲ್ಲಿ ರೇಷ್ಮೆಯ ಗ್ರಂಥಿಗಳು ಎರಡಿರುತ್ತವೆ. ಹಿಂಭಾಗದ ದೊಡ್ಡ ಕೋಶಗಳು ಫೈಬ್ರಾಯಿನ್ ಎಂಬ ಪ್ರೋಟೀನನ್ನು ಕಟ್ಟುತ್ತವೆ. ಅದು ಗಾಲ್ಜಿಯ ಚೀಲಗಳನ್ನು ಹಾಯ್ದು, ಕಣಗಳಾಗಿ ತುಂಬಿ, ಗ್ರಂಥಿಯ ಕೊಳವೆಗೆ ಸುರಿಯುತ್ತದೆ. ನಡುಭಾಗದಲ್ಲಿ ಸೆರಿಸಿನ್ ಎಂಬ ಅಂಟು ಅದನ್ನು ಸುತ್ತುವರಿಯುತ್ತದೆ. ಬಣ್ಣಕ್ಕೆ ಹಾಕುವ ಮುನ್ನ ಸಾಬೂನಿನ ಬಿಸಿನೀರಿನಲ್ಲಿ ಬೇಯಿಸಿ ತೆಗೆಯುವ ಅಂಟು ಇದೇ. ನೂಲಿನ ತೂಕದಲ್ಲಿ ಸುಮಾರು ಕಾಲುಭಾಗ ಇದರಲ್ಲಿ ಹೋಗುತ್ತದೆ. ಫೈಬ್ರಾಯಿನಿನ ದೊಡ್ಡ ಸರಪಣಿಗೆ ಒಂದು ಚಿಕ್ಕ ಸರಪಣಿ ಜೊತೆಗೂಡಿದರೆ ಮಾತ್ರ ಅದಕ್ಕೆ ಮುಂದೆ ಹೋಗಲು ಅಪ್ಪಣೆ. ಚಿಕ್ಕ ಸರಪಣಿ ಕೆಟ್ಟಿರುವ ಒಂದು ಹುಳುವಿನ ತಳಿಯನ್ನು ಜಪಾನಿನ ವಿಜ್ಞಾನಿಗಳು ಅಭ್ಯಾಸ ಮಾಡಿದ್ದಾರೆ. ಅದರಲ್ಲಿ ಫೈಬ್ರಾಯಿನು ಹುಟ್ಟಿದಲ್ಲೇ ತಡೆದು ನಿಲ್ಲುತ್ತದೆ, ಗಾಲ್ಜಿಯನ್ನು ದಾಟಿ ಹೊರಬರುವುದು ಅತ್ಯಲ್ಪ. ಹುಳು ಕಟ್ಟುವ ಗೂಡು ಬಹುಮಟ್ಟಿಗೆ ಬರಿಯ ಅಂಟಿನ ತೆಳುಪೊರೆ. ಅದರಿಂದ ಎಳೆ ತೆಗೆಯಲು ಬರುವುದಿಲ್ಲ. ಚಿಕ್ಕಪೇಟೆಯ ಅಂಗಡಿಗಳಲ್ಲಿ ಬಿಚ್ಚಿ ತೋರಿಸುವ ಪ್ರತಿಯೊಂದು ರೇಷ್ಮೆ ಸೀರೆಯ ಎಳೆಯೂ ಪಾವಿಯಾದ ಪ್ರಾಧ್ಯಾಪಕರು ಕಂಡ ಆ ಕಟ್ಟೆಯನ್ನು ದಾಟಿಯೇ ಬಂದದ್ದು.

೧೯೫೬ರಲ್ಲಿ ಕೊರ್ತೆನೊ ಗ್ರಾಮಕ್ಕೆ ಕೊರ್ತೆನೊ ಗಾಲ್ಜಿ ಎಂದು ಹೆಸರಾಯಿತು. ಅಡುಗೆಮನೆಯಲ್ಲಿ ಹುಟ್ಟಿದ ಬೆಳ್ಳಿಯ ವಿಧಾನವೂ ಹಳತಾಗಿ ಮೂಲೆ ಸೇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೇದನೆಗೆ ಒಳಗಾದ ಇಲಿಗಳ ಮಿದುಳಿನಲ್ಲಿ ನರಕೋಶಗಳ ಕವಲುಗಳು ಹೇಗೆ ಕುಗ್ಗುತ್ತವೆಂದು ಎಣಿಸಿ ನೋಡಿದ ಸಂಶೋಧಕರು ಆ ಕೋಶಗಳನ್ನು ಕಪ್ಪಾಗಿಸಲು ಬಳಸಿದ್ದು ಗಾಲ್ಜಿಯವರ ವಿಧಾನದ ಒಂದು ಬಗೆಯನ್ನೇ.